ಹಿಂಗೋಡೆಯ ತೇವವೂ ನನ್ನ ಸಂಶೋಧನೆಯೂ

ನಡುಮನೆಯ ಹಿಂಗೋಡೆಯ ಮೇಲೆ ಆ ಕಲೆ ಮೊದಲು ಕಂಡ ದಿನ ಹೆಂಡತಿಗೆ ನಾನು ಹೇಳಿದ ಮಾತು ಚೆನ್ನಾಗಿ ನೆನಪಿದೆ.

"ಒಂದು ರವಿವಾರದ ಕೆಲಸ, ಗಿರಿಜಾ. ನೀ ಚಹಾ ಮಾಡೂದರಾಗ ಮುಗಸ್ತೀನಿ."

ಆ ಚಹಾ ಆರಿ ತಣ್ಣಗಾಗಿ ಮೂರು ವರ್ಷವಾದರೂ ಕೆಲಸ ಮುಗಿಯಲಿಲ್ಲ!

"ನೆನಪಿದೆ" ಎಂದು ಬರೆಯುವಾಗ ಈಗ ಕೈ ಸ್ವಲ್ಪ ತಡೆಯುತ್ತದೆ. ಗಿರಿಜೆಯ ಪ್ರಕಾರ ನಾನು ಹೇಳಿದ್ದು "ಅರ್ಧ ತಾಸಿನ ಕೆಲಸ." ಇರಬಹುದು. ನಾನು ಬೆಳಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಧಾರವಾಡದಲ್ಲಿ ಎಂ.ಎ. ಓದಿದಾಗಿನಿಂದ ದಿನಚರಿ ಬರೆಯುವ ಚಟ. ಪ್ರತಿ ವರ್ಷ ಮೊದಲ ಪಾಠದಲ್ಲಿ ಹುಡುಗರಿಗೆ ಹೇಳುವುದು ಒಂದೇ: ನೆನಪನ್ನು ನಂಬಬೇಡಿ, ಬರೆದಿಟ್ಟದ್ದನ್ನು ಹುಡುಕಿ. ಆ ಪಾಠ ನನಗೂ ಅನ್ವಯಿಸುತ್ತದೆ ಎಂದು ಕಲಿಸಿದ್ದು ಒಂದು ಗೋಡೆ.

ಎಂಬತ್ತನೆಯ ಇಸವಿಯ ಆಸುಪಾಸಿನ ಮಾತು. ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿ, ಕೆಳಗೆ ಕರಿಕಲ್ಲು, ಮೇಲೆ ಇಟ್ಟಂಗಿ ಮತ್ತು ಮಣ್ಣಿನ ಗಾರೆಯ ಹಳೆಯ ಹಂಚಿನ ಮನೆ ನಮ್ಮದು. ಮದುವೆಗೆ ವರ್ಷ ಮೊದಲೇ ನಾನು ಅದನ್ನು ಕೊಂಡಿದ್ದೆ. ನಡುಮನೆಯ ಹಿಂಗೋಡೆಯ ಆಚೆ ಹಿತ್ತಲು. ಹಿತ್ತಲಿನಲ್ಲಿ ಆ ಗೋಡೆಗೇ ಒತ್ತಿಕೊಂಡು ಕೆಂಪು ಮಣ್ಣಿನ ಎತ್ತರದ ಮಡಿ. ಅದರ ತುಂಬ ಸೇವಂತಿಗೆ. ಹಿತ್ತಲಿಗೂ ಪಕ್ಕದ ಮನೆಗೂ ನಡುವೆ ಸಣ್ಣದೊಂದು ಬಾಗಿಲು. ಆ ಬಾಗಿಲಿನ ಆಚೆ ಮರಾಠಿ ಮನೆತನದ ಕಾಕೂ ಮತ್ತು ಅವರ ಯಜಮಾನರು, ನಿವೃತ್ತ ಪೋಸ್ಟ್ ಮಾಸ್ತರರಾದ ಕಾಕಾ. ಬಾಗಿಲಿಗೆ ಅಗಳಿ ಇತ್ತು. ಆದರೆ ಅದನ್ನು ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಬೀಡಿ ಎಂಬ ಹಳ್ಳಿಯ ಒಕ್ಕಲು ಮನೆತನದಿಂದ ಹೊಸದಾಗಿ ಬಂದ ಗಿರಿಜೆಗೆ ಈ ಊರಲ್ಲಿ ತವರು ಎಂದರೆ ಆ ಬಾಗಿಲು. ಸಾರಿಗೆ ಹುಣಸೆ ಕಡಿಮೆಯಾದರೂ ಆ ಬಾಗಿಲು, ಕಣ್ಣಲ್ಲಿ ನೀರು ಬಂದರೂ ಆ ಬಾಗಿಲು.

ಇನ್ನು ಗೋಡೆ. ಮೊದಲ ಮಳೆಗಾಲ ಕಲೆ ನೆಲದಿಂದ ಒಂದು ಗೇಣು ಎತ್ತರ ಇತ್ತು. ಮೇಲೆ ಬಿಳಿ ಬಿಳಿ ಪುಡಿ. ಬೂಷ್ಟು ಎಂದು ತೀರ್ಮಾನಿಸಿ ಕೆರೆದು, ಎರಡು ಕೈ ಸುಣ್ಣ ಹೊಡೆದೆ. ಹದಿನೈದು ದಿನಕ್ಕೆ ಕಲೆ ಎರಡು ಗೇಣಾಯಿತು. ಎರಡನೆಯ ಉಪಾಯ ಎಣ್ಣೆ ಬಣ್ಣ. ತಿಳಿ ಹಸಿರು. ಬಣ್ಣದ ಕೆಳಗೆ ನೀರು ತುಂಬಿ ಹಪ್ಪಳದಂತೆ ಗುಳ್ಳೆ ಎದ್ದವು. ಗಿರಿಜೆ ಒಂದನ್ನು ಬೆರಳಿನಿಂದ ಒತ್ತಿದಳು. ಪಟ್!

"ಏನ್ರೀ, ಗ್ವಾಡಿಗೆ ದಡಾರ ಎದ್ದಾವು!"

"ಅದು ಒಳಗಿನ ಹಸಿ ಹೊರಗ ಬರಾಕತ್ತೈತಿ. ಗುಣ ಆಗೋ ಲಕ್ಷಣ."

ಮೂರನೆಯದು ಸಿಮೆಂಟು. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿತ್ತು. ಅರ್ಜಿಯಲ್ಲಿ "ಕಾರಣ" ಎಂದಿದ್ದ ಕಡೆ, ಗೋಡೆಯ ಪೂರ್ವೇತಿಹಾಸ ಸಹಿತ, ಹಾಳೆ ಅಂಟಿಸಿ ಒಂದೂವರೆ ಪುಟ ಬರೆದೆ. ಕಚೇರಿಯ ಗುಮಾಸ್ತರು ತಾಳ್ಮೆಯಿಂದ ಓದಿ, "ಸರ, 'ಮನಿ ರಿಪೇರಿ' ಅಂತ ಬರದಿದ್ರ ಸಾಕಿತ್ರಿ" ಎಂದರು. ಎರಡು ಚೀಲ ಸಿಕ್ಕವು. ನೆಲದಿಂದ ಸೊಂಟದೆತ್ತರಕ್ಕೆ ನಾನೇ ಗಟ್ಟಿಯಾಗಿ ಬಳಿದೆ. ಉಳಿದ ಸಿಮೆಂಟು ನೀರನ್ನು ಹಿತ್ತಲಿನ ಮೋರಿಗೆ ಸುರಿದೆ. (ಈ ಸಣ್ಣ ಸಂಗತಿಯನ್ನು ಓದುಗರು ಮರೆಯಬಾರದು. ನಾನು ಮರೆತೆ.)

ಮುಂದಿನ ಮಳೆಗಾಲ ಸಿಮೆಂಟು ಬಳಿದ ಜಾಗ ಒಣಗಿ ಗಟ್ಟಿಯಾಗಿ ನಿಂತಿತ್ತು. ಬಂದವರಿಗೆಲ್ಲ ತಟ್ಟಿ ತಟ್ಟಿ ತೋರಿಸಿದೆ. ಶ್ರಾವಣದಲ್ಲಿ ಸಿಮೆಂಟಿನ ಮೇಲಂಚಿನಿಂದ ಒಂದು ಗೇಣು ಮೇಲಕ್ಕೆ ಹೊಸ ಕಲೆ! ಹೊರಬರಲು ದಾರಿ ಸಿಗದ ನೀರು ಸಿಮೆಂಟಿನ ಹಿಂದೆ ಏಣಿ ಹಾಕಿಕೊಂಡು ಏರಿತ್ತು. ಅಲ್ಲಿ ನಮ್ಮ ಮದುವೆಯ ಫೋಟೊ ಇತ್ತು. ಅದರಲ್ಲಿ ಮೊದಲು ನನ್ನ ಕಾಲು ಮಾಯವಾಯಿತು, ಆಮೇಲೆ ಸೊಂಟ. ಗಿರಿಜೆ ನಿಂತ ಬದಿ ಮಾತ್ರ ಒಣಗಿಯೇ ಇತ್ತು.

ಇಷ್ಟಾದ ಮೇಲೆ ವಿಜ್ಞಾನವನ್ನು ಆಶ್ರಯಿಸಿದೆ. ಕಾಲೇಜಿನ ಭೌತಶಾಸ್ತ್ರದ ಗೆಳೆಯನೊಬ್ಬ ಸೀಮೆಸುಣ್ಣದ ತುಂಡೊಂದನ್ನು ಮಸಿಯಲ್ಲಿ ನಿಲ್ಲಿಸಿ ತೋರಿಸಿದ. ಮಸಿ ತಾನಾಗಿಯೇ ಮೇಲಕ್ಕೇರಿತು.

"ನಿಮ್ಮ ಗ್ವಾಡಿ ಅಂದ್ರ ಇದ. ಮ್ಯಾಲೆ ಏನ್ ಬಳದ್ರೂ ಅಷ್ಟ. ಮಸಿ ಎಲ್ಲಿಂದ ಬರತೈತಿ, ಅದನ್ನ ಹುಡುಕು."

ಮೂಲವನ್ನು ಹುಡುಕುವುದು! ಅದು ನನ್ನದೇ ವಿದ್ಯೆ. ಮನೆಗೆ ಬಂದವನೇ ಹಿತ್ತಲಲ್ಲಿ ನಿಂತು ಸಮೀಕ್ಷೆ ಮಾಡಿದೆ. ಎದುರಿಗೆ ಸೇವಂತಿಗೆ ಮಡಿ. ನಾವು ದಿನಕ್ಕೆ ಎರಡು ಸಲ ಅದಕ್ಕೆ ಕೊಡಗಟ್ಟಲೆ ನೀರು ಹಾಕುತ್ತಿದ್ದೆವು. ಆದರೆ ಅದು ನಾನು ಬರುವ ಮೊದಲೇ ಇದ್ದ ಮಡಿ. ಹಳೆಯದು, ಆದ್ದರಿಂದ ನಿರಪರಾಧಿ. ಅದರಾಚೆ ಕಾಕೂ ಅವರ ಬಚ್ಚಲು. ಸಿಕ್ಕಿತು!

ಸಂಶಯ ಸಾಲದು, ಸಾಕ್ಷ್ಯ ಬೇಕು. ಬಾವಿಗೆ ಹಾಕುವ ನೇರಳೆ ಪುಡಿಯ ಪೊಟ್ಟಣ ತಂದೆ. ಅದನ್ನು ಕಾಕೂ ಅವರ ಬಚ್ಚಲ ನೀರು ಹರಿಯುವ ಮೋರಿಗೆ ಹಾಕುವುದು; ಸಂಜೆಯೊಳಗೆ ನಮ್ಮ ಗೋಡೆ ನೇರಳೆಯಾದರೆ ಅಪರಾಧ ಸಿದ್ಧ. ಒಂದು ಚಿಟಿಕೆ ಸಾಕಿತ್ತು. ಪೊಟ್ಟಣ ಪೂರ್ತಿ ಸುರಿದೆ. ಒಂದು ಕೊಡ ನೀರನ್ನೂ ಹಾಕಿದೆ. ನಮ್ಮ ಹಿತ್ತಲಲ್ಲೇ ಹಾದುಹೋಗುವ ಆ ಮೋರಿಯ ಗಂಟಲಲ್ಲಿ ನನ್ನದೇ ಸಿಮೆಂಟು ಬೆರಳಷ್ಟು ಸಂದಿ ಮಾತ್ರ ಬಿಟ್ಟು ಕಲ್ಲಾಗಿ ಕುಳಿತಿತ್ತು. ಒಮ್ಮೆಗೇ ಬಂದ ಅಷ್ಟು ನೀರು ಮುಂದೆ ಹೋಗಲಿಲ್ಲ. ಹಿಂದೆ ಹೋಯಿತು. ಹಿಂದೆ ಬಚ್ಚಲಲ್ಲಿ ಕಾಕಾ ಕಣ್ಣು ಮುಚ್ಚಿ ಸೋಪು ಹಚ್ಚಿಕೊಂಡು, ಸ್ತೋತ್ರ ಹೇಳುತ್ತ ಸ್ನಾನ ಮಾಡುತ್ತಿದ್ದರು.

ಸ್ತೋತ್ರ ನಡುವೆಯೇ ನಿಂತಿತು.

ಅರ್ಧ ತಾಸಿನ ಮೇಲೆ ಕಾಕಾ ಆ ಸಣ್ಣ ಬಾಗಿಲಲ್ಲಿ ಪಂಚೆ ಎತ್ತಿಹಿಡಿದು ನಿಂತರು. ಕಣಕಾಲಿನವರೆಗೆ ಬದನೆಕಾಯಿ ಬಣ್ಣ! (ಮಧ್ಯಾಹ್ನಕ್ಕೆ ಅದು ಕಂದು ಬಣ್ಣಕ್ಕೆ ತಿರುಗಿ, ಎಂಟು ದಿನ ಉಳಿಯಿತು.) ಅವರ ಹಿಂದೆ ಕಾಕೂ.

"ಮಾಸ್ತರ, ಇವರ ಕಾಲಿಗೆ ಏನ್ ಹಚ್ಚೀರಿ?"

"ಕಾಕೂ, ಅದು ಪರೀಕ್ಷಾ. ನಿಮ್ಮ ಬಚ್ಚಲ ನೀರು ನಮ್ಮ ಗ್ವಾಡಿಗೆ ಏರಾಕತ್ತೈತ್ರಿ."

"ನಮ್ಮ ಬಚ್ಚಲಾ ನನ್ನ ಲಗ್ನದಾಗಿಂದ ಅಲ್ಲೇ ಐತಿ. ನಿಮ್ಮ ಗ್ವಾಡಿ ಹಸಿ ಆಗಿದ್ದು, ನೀವು ಆ ಕೆಂಪ ಮಣ್ಣ ಒಟ್ಟಿದ ಮ್ಯಾಲೆ."

"ಆ ಮಣ್ಣು ನಾ ಬರೂಕಿಂತ ಮೊದಲ ಇತ್ತಲ್ರಿ!"

"ನೀವ ಒಟ್ಸೀರಿ. ಲಾರಿ ಬಂದಿತ್ತು. ನಾ ಇದ ಬಾಗಲದಾಗ ನಿಂತ ನೋಡೀನಿ. ಬ್ಯಾಡ ಅಂತನೂ ಅಂದೀನಿ."

ಇಲ್ಲಿ ನಿಲ್ಲಿಸಬೇಕಿತ್ತು. ಗಿರಿಜೆ ಹಿಂದಿನಿಂದ ನನ್ನ ಅಂಗಿ ಎಳೆಯುತ್ತಿದ್ದಳು. ಆದರೆ ನನ್ನೊಳಗಿನ ಅಧ್ಯಾಪಕ ಎದ್ದು ನಿಂತಿದ್ದ. ಕನಿಕರ ಬೆರೆತ ದನಿಯಲ್ಲಿ ಹೇಳಿದೆ:

"ಕಾಕೂ, ವಯಸ್ಸಾದ ಮ್ಯಾಲೆ ನೆನಪು ಹಿಂಗ ಮೋಸ ಮಾಡತೈತ್ರಿ. ಆಗದ್ದು ಆದಂಗ ಕಾಣತೈತಿ. ನೀವೇನ್ ಮನಸಿಗೆ ಹಚ್ಕೋಬ್ಯಾಡ್ರಿ."

ಕಾಕೂ ಜಗಳಕ್ಕೆ ಹಿಂಜರಿಯುವವರಲ್ಲ. ತರಕಾರಿ ಮಾರುವವರು ಅವರ ಬಾಗಿಲ ಮುಂದೆ ದನಿ ತಗ್ಗಿಸುತ್ತಿದ್ದರು. ಆ ದಿನ ಮಾತ್ರ ಅವರು ಕಾಕಾ ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಅಗಳಿ ಬಿದ್ದ ಸದ್ದು ಕೇಳಿಸಿತು. ತುಕ್ಕು ಹಿಡಿದಿದ್ದರಿಂದ ಎರಡು ಸಲ ಜಗ್ಗಬೇಕಾಯಿತೆಂದು ಕಾಣುತ್ತದೆ.

ಸಂಜೆ ಗೋಡೆ ನೋಡಿದೆ. ನೇರಳೆಯ ಸುಳಿವೂ ಇರಲಿಲ್ಲ. ಬಣ್ಣವನ್ನು ಮಣ್ಣು ಹೀರಿಕೊಂಡಿರಬೇಕು ಎಂದು ದಿನಚರಿಯಲ್ಲಿ ಬರೆದೆ. ಬೇಡದ ಸಾಕ್ಷ್ಯವನ್ನು ಪಕ್ಕಕ್ಕೆ ಸರಿಸುವ ಇತಿಹಾಸಕಾರರ ಬಗ್ಗೆ ನಾನು ಪ್ರತಿ ವರ್ಷ ಒಂದು ತಾಸು ಮಾತಾಡುತ್ತೇನೆ!

ಇದು ದೀಪಾವಳಿಯ ಆಸುಪಾಸಿನಲ್ಲಿ ನಡೆದದ್ದು. ಎರಡು ತಿಂಗಳು ಅಗಳಿ ತೆಗೆಯಲಿಲ್ಲ. ಗಿರಿಜೆ ಹುಣಸೆ ಮುಗಿದರೆ ಪೇಟೆಗೆ ಹೋಗತೊಡಗಿದಳು.

ಸಂಕ್ರಮಣ ಹತ್ತಿರ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಕುಸುರೆಳ್ಳು ಬೇಕು. ಕೆಂಡದ ಮೇಲೆ ಅಗಲವಾದ ಪರಾತ ಇಟ್ಟು, ಎಳ್ಳಿಗೆ ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ, ಅಂಗೈಯಿಂದ ತಿರುವುತ್ತ ಕೂರಬೇಕು. ಚಳಿಯ ಮುಂಜಾವುಗಳಲ್ಲಿ ನಾಲ್ಕಾರು ದಿನ ಹೀಗೆ ಕೂತರೆ ಎಳ್ಳಿನ ಮೈಮೇಲೆ ಸಕ್ಕರೆಯ ಸಣ್ಣ ಸಣ್ಣ ಮುಳ್ಳು ಏಳುತ್ತವೆ. ಇದು ಇಬ್ಬರ ಕೆಲಸ: ಒಬ್ಬರು ಪಾಕ ಬಿಡಬೇಕು, ಒಬ್ಬರು ತಿರುವಬೇಕು. ಪ್ರತಿ ವರ್ಷ ಪಾಕ ಬಿಡುವವರು ಕಾಕೂ. ಅವರು ಅದನ್ನು ಹಲವಾ ಎನ್ನುತ್ತಿದ್ದರು, ಗಿರಿಜೆ ಕುಸುರೆಳ್ಳು ಎನ್ನುತ್ತಿದ್ದಳು. ಮುಳ್ಳು ಮಾತ್ರ ಎರಡಕ್ಕೂ ಒಂದೇ.

ಆ ವರ್ಷ ಗಿರಿಜೆ ಒಬ್ಬಳೇ ಕೂತಳು. ನಾನು ಪಾಕ ಬಿಡಲು ಹೋದೆ.

"ಚಮಚಾದಲೇ ಬಿಡ್ರಿ ಅಂದ್ರ, ತಂಬಿಗಿಲೇ ಹಾಕ್ತೀರೇನ್? ಎದ್ದ ಹೋಗ್ರಿ."

ಹೇಗೋ ಒಂದಿಷ್ಟು ಮುಳ್ಳು ಎದ್ದವು. ಗಿರಿಜೆ ಡಬ್ಬಿ ತುಂಬಿ, ಎಂದಿನಂತೆ ಹಿಂಗೋಡೆಯ ಗೂಡಿನಲ್ಲಿ ಇಟ್ಟಳು. ಎರಡನೆಯ ದಿನ ಮುಚ್ಚಳ ತೆಗೆದರೆ ಗೋಡೆಯ ತೇವ ಕುಡಿದು ಎಲ್ಲ ಕರಗಿ ಒಂದೇ ಉಂಡೆ! ಮುಳ್ಳೂ ಇಲ್ಲ, ಎಳ್ಳೂ ಇಲ್ಲ. ಗಿರಿಜೆ ಆ ಉಂಡೆಯನ್ನು ನೋಡುತ್ತ ಕುಳಿತಳು. ಅವಳ ಕಣ್ಣಲ್ಲಿ ನೀರು ಬಂತು. ಎದ್ದು ಹಿತ್ತಲಿಗೆ ಹೋದವಳು ಮುಚ್ಚಿದ ಬಾಗಿಲು ನೋಡಿ ತಿರುಗಿ ಬಂದಳು.

ಆ ದಿನವೇ ಅವಳು ತನ್ನ ಅಣ್ಣನಿಗೆ ಹೇಳಿ ಕಳಿಸಿ ಖಾನಾಪುರದಿಂದ ಒಬ್ಬ ಗೌಂಡಿಯನ್ನು ಕರೆಸಿದಳು. ಹೆಸರು ಮಾರುತಿ. ಹಳೆಯ ಮನೆಗಳನ್ನು ಕಟ್ಟಿ ಕೆಡವಿ ಮುದುಕನಾದವನು. ನಾನು ಗೋಡೆಯ ಚರಿತ್ರೆ ಶುರುಮಾಡಿದೆ. ಅವನು ಗೋಡೆಯ ಕಡೆ ನೋಡಲೂ ಇಲ್ಲ. ನೆಟ್ಟಗೆ ಹಿತ್ತಲಿಗೆ ಹೋಗಿ, ಸೇವಂತಿಗೆ ಮಡಿಯ ಹತ್ತಿರ ಕುಕ್ಕುರಗಾಲಿನಲ್ಲಿ ಕೂತು, ಗೋಡೆಯ ಬುಡದಲ್ಲಿ ಬೆರಳು ತೂರಿಸಿದ.

"ಈ ಮಣ್ಣ ಯಾರ್ ಒಟ್ಯಾರ್ರಿ?"

"ಅದು ಮೊದಲಿಂದ ಐತಿ," ಎಂದೆ ನಾನು.

"ಯಾರರ ಒಟ್ಟಲಿ, ಶಾಣ್ಯಾರಲ್ಲ ಬಿಡ್ರಿ. ಹಳೇ ಮಂದಿ ಕೆಳಗ ಕರೀಕಲ್ಲು ಯಾಕ ಇಟ್ಟಾರು? ಅದು ಗ್ವಾಡಿ ಕಾಲಾಗಿನ ಬೂಟ. ಹಸಿ ಕಲ್ಲ ಹತ್ತಂಗಿಲ್ಲ. ನೀವ ಬೂಟ ಮುಳಗೂವಷ್ಟು ಮಣ್ಣ ಹಾಕಿ, ದಿನಾ ನೀರ ಹಾಕಿ, ಧೋತರಾ ತೋಯ್ಸೀರಿ. ಮಣ್ಣಿನ ಗ್ವಾಡಿ ಅಂದ್ರ ಚಿಮಣಿ ಬತ್ತಿ ಇದ್ದಂಗ. ಜಗ್ಗಕೋತ ಹೋಗತೈತಿ."

"ಸಿಮೆಂಟ ಹಾಕೇನಲ್ಲಾ?"

"ಬೆವತಾವಗ ರೇನಕೋಟ ತೊಡಿಸಿದ್ರ ಬೆವರ ನಿಂದರತೈತೇನ್ರಿ? ಸಿಮೆಂಟ ಬಡದು ತಗೀರಿ. ಮಣ್ಣ ತಗೀರಿ. ಆ ಬಿಳೇ ಪುಡಿ ಬೂಷ್ಟ ಅಲ್ಲ, ಸವಳು, ಉಪ್ಪು. ಅದನ್ನ ಒಣ ಕಸಬರಗಿಲೇ ಉದರಸ್ಕೋತ ಇರ್ರಿ. ಗ್ವಾಡಿ ಒಣಗಿದ ಮ್ಯಾಲೆ ಸುಣ್ಣದ ಗಾರಿ ಮಾಡೂಣು."

"ಒಣಗಾಕ ಏನರ ಔಷಧ?"

"ಔಷಧಕ್ಕ ಒಣಗೂದಿಲ್ರಿ ಸರ. ತೋಯ್ಸೂದ ಬಿಟ್ರ ಒಣಗತೈತಿ. ಎರಡ ಬ್ಯಾಸಗಿ ಹಿಡೀತೈತಿ."

ಅವನು ಚಹಾ ಕುಡಿದು ಹೋದ. ಗಿರಿಜೆ ಮಡಿಯನ್ನೇ ನೋಡುತ್ತ ನಿಂತಿದ್ದಳು.

"ಏನ್ರೀ, ನೀವು ಮನಿ ಕೊಂಡ ವರ್ಷದ ಡೈರಿ ಎಲ್ಲೈತಿ?"

"ಯಾಕ?"

"ಹುಡುಗರಿಗೆ ಏನೋ ಹೇಳ್ತೀರಲ್ಲ, ಬರದಿಟ್ಟಿದ್ದ ಹುಡುಕ್ರಿ ಅಂತ."

ದಿನಚರಿಗಳು ಹಿಂಗೋಡೆಯೊಳಗಿನ ಕಪಾಟಿನಲ್ಲಿದ್ದವು. ಆ ವರ್ಷದ್ದು ತೇವ ಹಿಡಿದು ಹಾಳೆಗೆ ಹಾಳೆ ಅಂಟಿ ಇಟ್ಟಂಗಿಯಂತಾಗಿತ್ತು. ನಾನು, ಸಾಕ್ಷ್ಯಗಳ ಉಪಾಸಕ, ಆ ಹಾಳೆಗಳು ಬಿಡದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಗಿರಿಜೆ ಉಳ್ಳಾಗಡ್ಡಿ ಹೆಚ್ಚುವ ಚಾಕು ತಂದು ಒಂದೊಂದನ್ನೇ ಬಿಡಿಸಿದಳು. ಮಾರ್ಚಿ ತಿಂಗಳು ತೆರೆಯಿತು. ಅಕ್ಷರ ನನ್ನದೇ.

"ಇಂದು ಖಾನಾಪುರದ ಹಂಚಿನ ಲಾರಿಯಲ್ಲಿ ಕೆಂಪು ಮಣ್ಣು ತರಿಸಿದೆ. ಹಿಂಗೋಡೆಗೆ ಒತ್ತಿ ಎರಡು ಅಡಿ ಎತ್ತರ ಒಟ್ಟಿಸಿದೆ. ಕುರೂಪಿ ಕರಿಕಲ್ಲು ಮುಚ್ಚಿತು. ಸೇವಂತಿಗೆ ಹಚ್ಚಬೇಕು. ಬರುವವಳು ಬೀಡಿಯವಳು, ಈ ಮಣ್ಣು ಕಂಡು ತವರು ನೆನೆದಾಳು. ಪಕ್ಕದ ಮನೆಯ ಹೆಂಗಸು ಬಂದು, ಗೋಡೆಗೆ ಮಣ್ಣು ಒಟ್ಟಬಾರದು ಎಂದರು. ಹಳೆಯ ಕಾಲದ ಮೂಢನಂಬಿಕೆ. ಇಂಥವನ್ನು ಸಂಗ್ರಹಿಸಿದರೆ ಒಂದು ಲೇಖನವಾದೀತು."

ಗಿರಿಜೆ ಎರಡು ಸಲ ಓದಿದಳು.

"ನಮ್ಮ ಹೊಲ ಎರಿ ಹೊಲಾರೀ. ಕರೀ ಮಣ್ಣು."

ಅಷ್ಟೇ ಅಂದಳು. ನನಗೆ ಆಶ್ಚರ್ಯವಾದದ್ದು ಬೇರೆ. ನಾನು ಕಾಕೂ ಮುಂದೆ ಸುಳ್ಳು ಹೇಳಿರಲಿಲ್ಲ. ಹಳೆಯ ಯಜಮಾನರ ಕಾಲದ ಮಡಿ, ಹಳೆಯ ಮಣ್ಣು, ನಾನು ಬರೀ ಗಿಡ ಹಚ್ಚಿದವನು ಎಂಬ ಚಿತ್ರ ನನ್ನ ಕಣ್ಣ ಮುಂದೆ ಸ್ಪಷ್ಟವಾಗಿತ್ತು. ಆ ಮಣ್ಣಿನ ಮೇಲೆ ಹಿಂದಿನವರು ನಡೆದಾಡಿದ್ದೂ ನೆನಪಿತ್ತು! ಮನಸ್ಸು ತನಗೆ ಬೇಕಾದ ಸಿಮೆಂಟು ತಾನೇ ಬಳಿದುಕೊಳ್ಳುತ್ತದೆ. ಅದಕ್ಕೆ ಪರ್ಮಿಟ್ಟು ಬೇಕಾಗುವುದಿಲ್ಲ.

ಸಂಕ್ರಮಣದ ಮುಂಜಾನೆ ಬಟ್ಟಲಲ್ಲಿ ಆ ಕುಸುರೆಳ್ಳಿನ ಉಂಡೆಯಿಂದ ಒಡೆದ ಚೂರುಗಳನ್ನೂ, ಕಂಕುಳಲ್ಲಿ ದಿನಚರಿಯನ್ನೂ ಹಿಡಿದು ಹೊರಟೆ. ಹಿತ್ತಲ ಬಾಗಿಲಿಗೆ ಅಗಳಿ. ಓಣಿ ಸುತ್ತಿ, ಪರಕೀಯನಂತೆ ಮುಂಬಾಗಿಲು ತಟ್ಟಿದೆ. ಕಾಕೂ ತೆರೆದರು. ಒಳಗೆ ಕಾಕಾ ಆರಾಮ ಕುರ್ಚಿಯಲ್ಲಿ.

ನಾನು "ಪ್ರಮಾದವಶಾತ್" ಎಂದು ಆರಂಭವಾಗುವ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಅದನ್ನು ಬದಿಗಿಟ್ಟೆ. ದಿನಚರಿ ತೆರೆದು ಆ ಪುಟ ಓದಿದೆ. "ಪಕ್ಕದ ಮನೆಯ ಹೆಂಗಸು" ಎಂದಾಗ ಒಳಗಿನಿಂದ ಕಾಕಾ ಜೋರಾಗಿ ನಕ್ಕರು.

"ಹೆಂಗಸು! ಕೇಳಿದೇನ?"

ಕಾಕೂ ನಗಲಿಲ್ಲ.

"ಲಾರಿದು ಇನ್ನೊಮ್ಮೆ ಓದ್ರಿ."

ಓದಿದೆ.

"ಬ್ಯಾಡ ಅಂದಿದ್ದು?"

ಅದನ್ನೂ ಓದಿದೆ. "ಮೂಢನಂಬಿಕೆ" ಎಂಬುದನ್ನು ಸ್ವಲ್ಪ ಮೆತ್ತಗೆ.

ಅವರು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಮಾಸ್ತರ, ಇವರ ಕಾಲಿನ ಬಣ್ಣ ಬಿಡ್ರಿ, ತೊಳದ ಹೋತು. ನನ್ನ ಹಡದ ಆಯಿ ಕಡೀಕ ನನ್ನ ಗುರ್ತ ಹಿಡೀಲಿಲ್ಲ. ನೀ ಯಾರ ಪೈಕಿ ಅಂತ ನನ್ನ ಕೇಳ್ತಿದ್ಲು. ನೀವು ಹಂಗ ಅಂದ ಮ್ಯಾಲೆ ನಾ ದಿನಾ ಮುಂಜಾನೆ ಕುಂತು ಎಲ್ಲಾರ ಹೆಸರ ಒಪ್ಪಿಸಿ ನೋಡೀನಿ. ಖರೇನ ಲಾರಿ ಬಂದಿತ್ತೋ, ಏನ ನಾನ ಕನಸ ಕಂಡೆನೋ ಅಂತ ಆಗಿತ್ತು ನನಗ."

ಒಂದು ಗೋಡೆಯ ತೇವದ ಮೂಲ ಹುಡುಕಲು ಹೋಗಿ, ಗಟ್ಟಿಮುಟ್ಟಾಗಿದ್ದ ಒಂದು ಮನಸ್ಸಿನ ಬುಡಕ್ಕೆ ಎರಡು ತಿಂಗಳು ನೀರು ಹಾಕಿದ್ದೆ.

"ಆ ಹಾಳಿ ನನಗ ಕೊಡ್ರಿ," ಎಂದರು ಕಾಕೂ.

ದಿನಚರಿಯ ಹಾಳೆ ಹರಿಯುವುದು ನನ್ನ ಪಾಲಿಗೆ ಮಹಾಪಾತಕ. ಹರಿದು ಕೊಟ್ಟೆ. ಅವರು ನಾಲ್ಕು ಮಡಿಕೆ ಮಾಡಿ ದೇವರ ಪಟದ ಹಿಂದೆ ಇಟ್ಟು ಬಂದರು. ಆಮೇಲೆ ಬಟ್ಟಲಲ್ಲಿ ಇಣುಕಿದರು.

"ಇದೇನ ಇದು?"

"ಕುಸುರೆಳ್ರಿ."

"ಇದಕ್ಕ ಕುಸುರೆಳ್ಳ ಅಂತಾರೇನ? ಅಯ್ಯ! ಗಿರಿಜಾ ಒಬ್ಬಾಕಿನ ಕುಂತಿದ್ಲೇನ?" ಎಂದವರೇ ನನ್ನನ್ನು ಅಲ್ಲೇ ಬಿಟ್ಟು ಮನೆಯೊಳಗಿಂದ ಹಿತ್ತಲಿಗೆ ನಡೆದರು. ಅಗಳಿ ಕಿರ್ ಎಂದಿತು. ನಾನು ಮತ್ತೆ ಓಣಿ ಸುತ್ತಿ ನನ್ನ ಮನೆ ಸೇರುವ ಹೊತ್ತಿಗೆ ಗಿರಿಜೆಯೂ ಅವರೂ ಹೊಸ ಪಾಕಕ್ಕೆ ಒಲೆ ಹಚ್ಚಿ ಕೂತಿದ್ದರು. ಎಳ್ಳು ಬೆಲ್ಲ ತಗೊಂಡು ಒಳ್ಳೆಯ ಮಾತಾಡಬೇಕಾದ ದಿನ. ನನಗೆ ಸಿಕ್ಕ ಮೊದಲ ಒಳ್ಳೆಯ ಮಾತು: "ಮಾಸ್ತರ, ಸಲಿಕಿ ಎಲ್ಲೈತಿ?"

ಮಣ್ಣು ನಾನೇ ತೆಗೆಯಬೇಕೆಂಬುದು ಅವರ ತೀರ್ಪು. ಮೂರು ರವಿವಾರ ಹಿಡಿಯಿತು. ಅವರು ಮಣೆ ಹಾಕಿಕೊಂಡು ಕೂತು, ಅಡಕೆ ಕತ್ತರಿಸುತ್ತ ಮೇಲ್ವಿಚಾರಣೆ ಮಾಡಿದರು. ಕರಿಕಲ್ಲು ಒಂದೊಂದಾಗಿ ಹೊರಬಂದವು, ಕುರೂಪವಾಗಿಯೇನೂ ಇರಲಿಲ್ಲ. ಮಣ್ಣನ್ನು ಎಲ್ಲಿ ಹಾಕುವುದು? ಕಾಕೂ ತಮ್ಮ ಹಿತ್ತಲಿಗೆ ಕೇಳಿದರು. ನಾನು ಬುಟ್ಟಿ ಹೊತ್ತುಕೊಂಡೇ ಎಚ್ಚರಿಸಿದೆ:

"ಕಾಕೂ, ಗ್ವಾಡಿಗೆ ಹಚ್ಚಿ ಮಾತ್ರ ಒಟ್ಟಬ್ಯಾಡ್ರಿ. ಹಸಿ ಏರತೈತಿ."

ಕಾಕೂ ಅಡಕೊತ್ತು ಕೆಳಗಿಟ್ಟರು. ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡಳು.

"ಹೌದೇನ್ರಿ, ಮಾಸ್ತರ? ನಮಗ ಗೊತ್ತ ಇರಲಿಲ್ಲ ನೋಡ್ರಿ!"

ಗೋಡೆ ಗೌಂಡಿ ಹೇಳಿದಂತೆ ಎರಡು ಬೇಸಿಗೆ ತೆಗೆದುಕೊಂಡಿತು. ಈಗ ಒಣಗಿದೆ. ಮದುವೆಯ ಫೋಟೊದಲ್ಲಿ ನನ್ನ ಸೊಂಟದ ಕೆಳಗಿನ ಭಾಗ ಮರಳಿ ಬರಲಿಲ್ಲ. ಬಂದವರು ಕೇಳಿದರೆ ಈ ಕಥೆ ಹೇಳುತ್ತೇನೆ. ಹೇಳುತ್ತ ಹೇಳುತ್ತ, ಮೂಲಕಾರಣವನ್ನು ನಾನೇ ಪತ್ತೆ ಹಚ್ಚಿದೆ, ತಪ್ಪನ್ನು ತಕ್ಷಣ ಒಪ್ಪಿಕೊಂಡೆ ಎಂಬಲ್ಲಿಗೆ ಕಥೆ ತಾನಾಗಿಯೇ ಏರಿಬಿಡುತ್ತದೆ. ಆಗ ಹಿತ್ತಲಿನ ತೆರೆದ ಬಾಗಿಲಿನಿಂದ ಒಂದು ದನಿ ಬರುತ್ತದೆ:

"ಮಾಸ್ತರ, ಹಾಳಿ ತರಲೇನ?"